ತವರಿನ ತೂಕ, ಗಂಡನ ಮನೆಯ ತೂಕ

ಹೊನವಾಡದ ಹೆಂಗಸರು ನರ್ಸ್ ಗುಲಶನಳಿಗೆ ಇಟ್ಟ ಹೆಸರು "ತೂಕದಾಕಿ". ಕೂಸು ಹೊರಬಿದ್ದು ಅತ್ತಿತೋ ಇಲ್ಲವೋ, ಹೊಕ್ಕುಳು ಕಟ್ಟಿ ಮೈ ಒರೆಸಿ, ಚೀಲದಿಂದ ಸ್ಪ್ರಿಂಗಿನ ತಕ್ಕಡಿ ತೆಗೆದು ಬಾಗಿಲ ಕೊಂಡಿಗೆ ಸಿಕ್ಕಿಸುತ್ತಿದ್ದಳು. ಅದರ ಕೊಕ್ಕೆಗೆ ಅರಿವೆಯ ಜೋಳಿಗೆ, ಜೋಳಿಗೆಯಲ್ಲಿ ಕೂಸು.

"ಏನ ಬೇ, ಮಾರಾಕ ಇಟ್ಟೀಯೇನ ನನ್ನ ಮೊಮ್ಮಗನ್ನ, ತೂಗಾಕತ್ತೀ?" ಎಂದು ಮುದುಕಿಯರು ಕೇಳಿದರೆ, "ಹೂಂನಬೇ ಆಯೀ, ಇವತ್ತು ಸಂತಿ ಐತಿ. ಛಲೋ ಗಿರಾಕಿ ಸಿಕ್ರ ಕೊಟ್ಟಬಿಡ್ತೀನಿ" ಎನ್ನುತ್ತಲೇ ಮುಳ್ಳು ಯಾವ ಗೆರೆಗೆ ನಿಂತಿತೆಂದು ಕಣ್ಣು ಕಿರಿದು ಮಾಡಿ ನೋಡಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು.

ಅವಳ ಮನೆ ವಿಜಾಪುರದ ಜೋರಾಪುರ ಪೇಟೆಯಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಓಣಿಯ ನಲ್ಲಿಯಿಂದ ಎಂಟು ಕೊಡ ನೀರು. ಹದಿನಾರು ರೊಟ್ಟಿ. ಅತ್ತೆ ಮಾಶಾಬಿಗೆ ಕಾಲಿಗೆ ಹಾಕಿಕೊಳ್ಳಲು ಬಿಸಿನೀರು, ಇಬ್ಬರು ಮಕ್ಕಳ ಸಾಲಿಯ ಅಂಗಿ, ಗಂಡನ ಡಬ್ಬಿ. ಏಳೂವರೆಗೆ ತಿಕೋಟಾ ಮೇಲೆ ಹೊನವಾಡಕ್ಕೆ ಹೋಗುವ ಬಸ್ಸು. ಗಂಡ ಅಬ್ದುಲಸಮದ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಮಾಸ್ತರ. ಒಳ್ಳೆಯವನು ಎಂದು ಪೇಟೆಯೆಲ್ಲ ಹೇಳುತ್ತಿತ್ತು. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ತಾನು ಚಹಾ ಕುಡಿದ ಕಪ್ಪನ್ನು ಎತ್ತಿ ಇಡುವುದೂ ಇಲ್ಲ.

ವಹಿ ಶುರುವಾದದ್ದು ಗುಲಶನಳ ಸ್ವಂತ ಹೊಟ್ಟೆಯಿಂದಲೇ. ಅವಳ ತವರು ಬಬಲೇಶ್ವರ. ಈ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ: ಚೊಚ್ಚಲ ಹೆರಿಗೆ ತವರಿನಲ್ಲಿ, ಆಮೇಲಿನವು ಗಂಡನ ಮನೆಯಲ್ಲಿ. ಹಿಂದೂಗಳಿರಲಿ ಮುಸಲ್ಮಾನರಿರಲಿ, ಏಳನೇ ತಿಂಗಳಿಗೆ ಅಣ್ಣನೋ ಅಪ್ಪನೋ ಬಂದು ಕರೆದುಕೊಂಡು ಹೋಗುತ್ತಾರೆ. ಗುಲಶನಳ ಚೊಚ್ಚಲ ಮಗನನ್ನು ಹಿಡಿದವಳು ಬಬಲೇಶ್ವರದ ನರ್ಸ್ ದುಂಡವ್ವ. ಇಬ್ಬರೂ ಟ್ರೇನಿಂಗನ್ನು ಕೂಡಿಯೇ ಮಾಡಿದವರು. ಕೂಸು ಎರಡು ಕಿಲೋ ಒಂಬೈನೂರು ಗ್ರಾಂ. ಎರಡನೆಯ ಮಗ ಜೋರಾಪುರ ಪೇಟೆಯಲ್ಲಿ ಹುಟ್ಟಿದ. ಎರಡು ಕಿಲೋ ಮುನ್ನೂರು.

ಟ್ರೇನಿಂಗಿನಲ್ಲಿ ಹೇಳಿಕೊಟ್ಟದ್ದು ಬೇರೆಯೇ ಇತ್ತು. ಚೊಚ್ಚಲ ಕೂಸು ಸ್ವಲ್ಪ ಹಗುರ, ಎರಡನೆಯದು ಅದಕ್ಕಿಂತ ಭಾರ, ಪುಸ್ತಕದಲ್ಲಿ ಅಚ್ಚಾಗಿತ್ತು.

"ನನಗ್ಯಾಕ ಉಲ್ಟಾ ಆತು?" ಎಂದು ಗುಲಶನ ದುಂಡವ್ವನನ್ನು ಕೇಳಿದಳು.

ದುಂಡವ್ವ ಎಲೆಯಡಿಕೆ ಜಗಿಯುತ್ತ, "ನಿಮ್ಮ ಅವ್ವನ ಮನ್ಯಾಗ ಕಡೀ ಎರಡು ತಿಂಗಳು ಎಷ್ಟು ಕೊಡ ನೀರು ಹೊತ್ತಿ?" ಎಂದಳು.

"ಒಂದೂ ಇಲ್ಲ. ಅವ್ವ ಹೊಸ್ತಿಲಾ ದಾಟಗೊಡಲಿಲ್ಲ."

"ಗಂಡನ ಮನ್ಯಾಗ?"

"ದಿನಾ ಎಂಟು. ಬ್ಯಾನಿ ಎದ್ದ ದಿನಾನೂ ಆರು ತಂದಿದ್ದೆ."

"ಮತ್ತ ನನ್ನೇನ ಕೇಳ್ತಿ, ಹುಚ್ಚಿ? ನಿಮ್ಮ ಅತ್ತೀನ ಕೇಳ ಹೋಗು, ಆ ಆರುನೂರು ಗ್ರಾಂ ಯಾವ ಹಂಡೇದಾಗ ಸುರವ್ಯಾಳಂತ."

ಆ ದಿನ ಇಬ್ಬರೂ ನಕ್ಕರು. ಆದರೆ ಗುಲಶನಳಿಗೆ ಅದು ಮನಸ್ಸಿನಿಂದ ಹೋಗಲಿಲ್ಲ. ಬಬಲೇಶ್ವರದ ಎಷ್ಟೋ ಹೆಣ್ಣುಮಕ್ಕಳನ್ನು ಹೊನವಾಡ, ತಿಕೋಟಾ ಕಡೆಗೆ ಕೊಟ್ಟಿದ್ದರು. ಅವರ ಚೊಚ್ಚಲ ದುಂಡವ್ವನ ಕೈಯಲ್ಲಿ, ಎರಡನೆಯದು ಗುಲಶನಳ ಕೈಯಲ್ಲಿ. ತಕ್ಕಡಿಗಳೂ ಒಂದೇ ನಮೂನೆಯವು. ಹೀಗೆ ಎರಡು ಊರಲ್ಲಿ ಎರಡು ವಹಿ ಶುರುವಾದವು. ತಾಯಿಯ ಹೆಸರು, ಕೂಸಿನ ತೂಕ, ಕಡೆಯ ಎರಡು ತಿಂಗಳು ದಿನಕ್ಕೆ ಎಷ್ಟು ಕೊಡ ಹೊತ್ತಳು, ಗಿರಣಿಗೆ ಜೋಳದ ಬುಟ್ಟಿ ಒಯ್ದಳೋ ಇಲ್ಲವೋ, ಮಧ್ಯಾಹ್ನ ಮಲಗುತ್ತಿದ್ದಳೋ ಇಲ್ಲವೋ. ಕೊಡದ ಲೆಕ್ಕ ಕೇಳಿದಾಗ ಬಾಣಂತಿಯರು ಮೊದಲು ನಾಚುತ್ತಿದ್ದರು, ಆಮೇಲೆ ಬೆರಳು ಮಡಚಿ ಎಣಿಸುತ್ತಿದ್ದರು. ಅದನ್ನು ಅವರ ಮುಂದೆ ಯಾರೂ ಎಂದೂ ಎಣಿಸಿರಲಿಲ್ಲ.

ಆರು ವರ್ಷಕ್ಕೆ ನಲವತ್ತೇಳು ತಾಯಂದಿರಾದರು. ಅವರಲ್ಲಿ ಮೂವತ್ತೆಂಟು ಮಂದಿಗೆ ಎರಡನೆಯ ಕೂಸೇ ಹಗುರ. ತವರಿನ ಕೂಸಿನ ಸರಾಸರಿ ಎರಡು ಕಿಲೋ ಏಳುನೂರಾ ನಲವತ್ತು. ಗಂಡನ ಮನೆಯ ಕೂಸಿನದು ಎರಡು ಕಿಲೋ ನಾನೂರಾ ಎಂಬತ್ತು. ತಾಯಿ ಅವಳೇ, ಗಂಡನೂ ಅವನೇ, ಉಣ್ಣುವ ರೊಟ್ಟಿಯೂ ಅದೇ ಜೋಳದ್ದು.

ಇಷ್ಟು ಗೊತ್ತಾದ ಮೇಲೆ ಗುಲಶನಳಿಗೆ ಸುಮ್ಮನಿರಲು ಆಗಲಿಲ್ಲ. ಮನೆಮನೆಗೆ ಹೋಗಿ, "ಎರಡನೇದಕ್ಕೂ ಸೊಸೀನ ತವರಿಗೆ ಕಳಸ್ರಿ, ಇಲ್ಲಂದ್ರ ಇಲ್ಲೇ ನೀರು ಬಿಡಸ್ರಿ" ಎಂದರೆ ಅತ್ತೆಯಂದಿರ ಉತ್ತರ ಸಿದ್ಧವಿರುತ್ತಿತ್ತು. "ನೀ ಯಾವ ಡಾಕ್ಟರ್ಣಿ ಬೇ? ನಾವೇನು ಹಡದಿಲ್ಲೇನು?"

ಡಾಕ್ಟರು ಹೇಳಿದರೆ ಕೇಳಿಯಾರು ಎಂದು ಅವಳಿಗೆ ಅನ್ನಿಸತೊಡಗಿದ್ದು ಅಲ್ಲಿಂದ.

೧೯೭೮ರ ಶ್ರಾವಣದಲ್ಲಿ ಹೊನವಾಡದ ಒಬ್ಬಳಿಗೆ ಕೂಸು ಅಡ್ಡ ನಿಂತಿತು. ಗುಲಶನ ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಗೋಳಗುಮ್ಮಟದ ಕಡೆ ಇದ್ದ ಡಾಕ್ಟರ್ ಗುರುಪಾದಯ್ಯನವರ ಹೆರಿಗೆ ದವಾಖಾನೆಗೆ ತಂದಳು. ಮುಂದೆ ದವಾಖಾನೆ, ಹಿಂದೆ ಅವರದೇ ಮನೆ. ತಾಯಿ, ಕೂಸು ಇಬ್ಬರೂ ಉಳಿದರು. ಕೈ ತೊಳೆದುಕೊಂಡು ಬಂದ ಡಾಕ್ಟರು ಗುಲಶನಳ ಚೀಲದಿಂದ ಇಣುಕುತ್ತಿದ್ದ ವಹಿಯನ್ನು ನೋಡಿದರು. ತೆಗೆದು ಪುಟ ತಿರುವಿದರು. ಕುರ್ಚಿಯ ಮೇಲೆ ಕುಳಿತು ಮತ್ತೆ ತಿರುವಿದರು.

"ಆರು ವರ್ಷದ್ದು ಐತೇನು ಇದು? ಗುಲಶನ್, ಇದು ಪೇಪರ್ ಆಗತೈತಿ! ಡಿಸೆಂಬರದಾಗ ಹುಬ್ಬಳ್ಳ್ಯಾಗ ನಮ್ಮ ಹೆರಿಗಿ ಡಾಕ್ಟರ ಸಮ್ಮೇಳನ ಐತಿ. ಮೊದಲ ಒಂದು ಸಾರಾಂಶ ಕಳಸಬೇಕು. ಇನ್ನೂರೈವತ್ತ ಶಬ್ದ, ಅಷ್ಟ. ಅವರು ಆರಿಸಿದ್ರ ಹೋಗಿ ಓದೂದು. ನಾನು ಮೆಂಬರ್ ಇದ್ದೀನಿ, ನಾ ಕಳಸ್ತೀನಿ."

"ದೊಡ್ಡ ದೊಡ್ಡ ಡಾಕ್ಟರು ಕೇಳತಾರೇನ್ರಿ ಅಲ್ಲಿ?"

"ಮೈಸೂರಿನಿಂದ, ಪುಣೆಯಿಂದ ಬರತಾರ."

ಗುಲಶನ ತನ್ನ ವಹಿ ಕೊಟ್ಟಳು. ಮುಂದಿನ ವಾರ ಬಬಲೇಶ್ವರಕ್ಕೆ ಹೋಗಿ ದುಂಡವ್ವನದನ್ನೂ ತಂದು ಕೊಟ್ಟಳು. ದುಂಡವ್ವ ಕೊಡುವಾಗ, "ಗಂಡಸರ ಕೈಯಾಗ ಕೂಸು ಕೊಟ್ರ ತಲಿ ಯಾವುದು ಕಾಲು ಯಾವುದು ನೋಡೂದಿಲ್ಲ, ನೆಪ್ಪಿಟ್ಕೋ" ಎಂದಿದ್ದಳು. ಗುಲಶನ, "ಅವರು ದಿನಾ ಅದನ್ನ ಮಾಡ್ತಾರಲ್ಲ ಮಾರಾಯ್ತಿ" ಎಂದು ನಕ್ಕಿದ್ದಳು.

ಸಾರಾಂಶ ಸಪ್ಟೆಂಬರ್ ಮೂವತ್ತರೊಳಗೆ ಹುಬ್ಬಳ್ಳಿ ಮುಟ್ಟಬೇಕಿತ್ತು. ಇಪ್ಪತ್ತೇಳು, ಬುಧವಾರ, ರಜಿಸ್ಟರ್ ಮಾಡಿದರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬುಧವಾರ ಗುಲಶನ ಅರ್ಧ ದಿನ ರಜೆ ಹಾಕಿ ಹನ್ನೆರಡಕ್ಕೆ ದವಾಖಾನೆಗೆ ಬಂದಳು. ಕಳಿಸುವ ಮೊದಲು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ.

ಡಾಕ್ಟರು ಬಹಳ ಖುಷಿಯಲ್ಲಿದ್ದರು. ಮೇಜಿನ ಮೇಲೆ ಒಂದು ದಪ್ಪ ಕಾಗದ. ಅದರಲ್ಲಿ ನೀಲಿ ಗೆರೆಯ ಚೌಕ, ಚೌಕದೊಳಗೆ ತುಂಬಿ ತುಂಬಿ ಟೈಪು ಮಾಡಿದ ಇಂಗ್ಲಿಷು. ಚೌಕದ ಆಚೆ ಒಂದು ಅಕ್ಷರ ಹೋದರೂ ನಡೆಯುವುದಿಲ್ಲ, ಒಂದು ಅಳಿಸಿದ ಗುರುತು ಇದ್ದರೂ ನಡೆಯುವುದಿಲ್ಲ, ಕಾಗದ ಮಡಚಿದರಂತೂ ತೆಗೆದುಕೊಳ್ಳುವುದೇ ಇಲ್ಲ. ಆ ಹಾಳೆಯನ್ನೇ ಫೋಟೋ ತೆಗೆದು ಅಚ್ಚಿಗೆ ಇಡುತ್ತಾರಂತೆ. ಗುಲಶನಳಿಗೆ ಅಷ್ಟೇನೂ ಇಂಗ್ಲಿಷು ಬರುತ್ತಿರಲಿಲ್ಲ. ಅಂಕಿ ಬರುತ್ತಿದ್ದವು. ಅವಳ ಕಣ್ಣು ಅಂಕಿಗಳ ಮೇಲೆ ಹೋಗಿ ನಿಂತಿತು.

ಚೊಚ್ಚಲ ಕೂಸಿನ ಮುಂದೆ ಎರಡು ಪಾಯಿಂಟ್ ನಾಲ್ಕು ಎಂಟು. ಎರಡನೆಯದರ ಮುಂದೆ ಎರಡು ಪಾಯಿಂಟ್ ಏಳು ನಾಲ್ಕು.

"ಸಾಹೇಬರ, ಇದು ಉಲ್ಟಾ ಆಗೇತ್ರಿ."

"ಉಲ್ಟಾ ಇತ್ತು. ನಾ ಸುಲ್ಟಾ ಮಾಡೀನಿ," ಎಂದರು ಡಾಕ್ಟರು ನಗುತ್ತ. "ನೀವಿಬ್ಬರೂ ವಹಿಯೊಳಗ ತಲೆಬರಹ ಅದಲುಬದಲು ಹಾಕೀರಿ. ಚೊಚ್ಚಲದ್ದು ಯಾವಾಗಲೂ ಹಗುರ ಇರತೈತಿ. ಯಾವ ಪುಸ್ತಕ ಬೇಕಾದ್ರೂ ತಗಿ. ನಾ ನೋಡಲಿಲ್ಲಂದ್ರ ಹುಬ್ಬಳ್ಳ್ಯಾಗ ನನ್ನ ಮಾನ ಹೋಗತಿತ್ತು."

"ನಲವತ್ತೇಳು ಸಲ ಅದಲುಬದಲು ಹಾಕೀವೇನ್ರಿ? ದುಂಡವ್ವ ಬಬಲೇಶ್ವರದಾಗ ಕುಂತು, ನಾ ಹೊನವಾಡದಾಗ ಕುಂತು, ಇಬ್ಬರೂ ಕೂಡಿ ಒಂದ ತಪ್ಪು ಆರು ವರ್ಷ ಮಾಡೀವಿ?"

"ಸಿಟ್ಟಾಗಬ್ಯಾಡ. ತಪ್ಪು ಎಲ್ಲರಿಗೂ ಆಗತಾವ."

"ಉಲ್ಟಾ ಇದ್ದದ್ದಕ್ಕ ನಾ ವಹಿ ಇಟ್ಟದ್ರಿ! ಪುಸ್ತಕದಾಗ ಇದ್ದಂಗ ಇದ್ದಿದ್ರ ಯಾಕ ಬರೀಬೇಕಿತ್ತು? ಚೊಚ್ಚಲಕ್ಕ ತವರಿನ್ಯಾಗ ಕುಂತು ಉಂಡಿರತಾಳ. ಎರಡನೇದಕ್ಕ ಗಂಡನ ಮನ್ಯಾಗ ಹೊತ್ತಿರತಾಳ. ಪಕ್ಕದಾಗ ಕೊಡದ ಲೆಕ್ಕ ಐತಲ್ರಿ, ಅದನ್ಯಾಕ ಹಾಕಿಲ್ಲ?"

ಡಾಕ್ಟರು ಕನ್ನಡಕ ತೆಗೆದರು. "ಅಲ್ಲವಾ, ಕೊಡಾ ಎಣಿಸಿದ್ರ ಸೈನ್ಸ್ ಆಗತೈತೇನು? ಅಲ್ಲಿ ಉದ್ಯೋಗ ಅಂತ ಒಂದು ಸಾಲು ಬರೀಬೇಕು, ಬರದೀನಿ ನೋಡು." ಬೆರಳಿಟ್ಟು ತೋರಿಸಿದರು. "ನಲವತ್ತೇಳೂ ಮಂದಿ ಮನಿಯಾಗಿನವರು. ಉದ್ಯೋಗ ಇಲ್ಲ."

ಉದ್ಯೋಗ ಇಲ್ಲ. ಆ ಎರಡು ಶಬ್ದ ಕೇಳಿದ್ದೇ ತಡ, ಗುಲಶನಳ ಕಣ್ಣ ಮುಂದೆ ಒಬ್ಬೊಬ್ಬಳೇ ಬಂದು ನಿಂತಳು. ದಿನಕ್ಕೆ ಹದಿನಾಲ್ಕು ಕೊಡ ಹೊತ್ತವಳು, ಒಂಬತ್ತು ತಿಂಗಳಲ್ಲಿ ತಲೆಯ ಮೇಲೆ ಜೋಳದ ಬುಟ್ಟಿ ಇಟ್ಟುಕೊಂಡು ಗಿರಣಿಯ ಪಾಳಿಯಲ್ಲಿ ನಿಂತವಳು, ಒಲೆಯ ಮುಂದೆ ಬೇನೆ ಬಂದರೂ ಕಡೆಯ ರೊಟ್ಟಿ ಬಡಿದೇ ಎದ್ದವಳು. ಅವಳ ಬಾಯಿಂದ ಹೊರಟದ್ದು ಮಾತಲ್ಲ, ಕೂಗು.

"ಹಂಗಾರ ಆ ಕೂಸುಗಳ ಕಾಲು ಕಾಲು ಕಿಲೋ ಮಾಂಸ ಯಾರು ತಿಂದ್ರು, ನೀವ ಹೇಳ್ರಿ!"

ಆಗ ಒಳಬಾಗಿಲ ಪರದೆ ಸರಿಯಿತು. ಡಾಕ್ಟರ ಹೆಂಡತಿ ಗೌರಾಬಾಯಿ. ಕೈಗೆ ಹಿಟ್ಟು ಮೆತ್ತಿತ್ತು. ಮದುವೆಗೆ ಮೊದಲು ಟೈಪಿಂಗ್ ಪರೀಕ್ಷೆ ಪಾಸು ಮಾಡಿದವಳು ಎಂಬ ಕಾರಣಕ್ಕೆ ದವಾಖಾನೆಯ ಬಿಲ್ಲು, ಪತ್ರ, ಸರ್ಟಿಫಿಕೇಟು ಎಲ್ಲ ಅವಳ ಪಾಲಿಗೆ ಬಂದಿದ್ದವು. ಟೈಪ್‌ರೈಟರು ಇದ್ದದ್ದು ಅಡಿಗೆಮನೆಯ ಪಡಸಾಲೆಯಲ್ಲಿ. ಅಡ್ಮಿಟ್ಟಾದ ಬಾಣಂತಿಯರಿಗೆಲ್ಲ ಗಂಜಿ, ಸಜ್ಜಕ ಹೋಗುತ್ತಿದ್ದದ್ದೂ ಅಲ್ಲಿಂದಲೇ.

"ಯಾಕ ಒದರಾಕತ್ತೀರಿ?" ಎಂದಳು. "ಪೇಶಂಟ್ಸ್ ಮಲಗ್ಯಾರ."

"ಬಾಯಾರ, ಇದನ್ನ ನೀವು ಟೈಪ್ ಮಾಡಿದ್ರ್ಯಾ?" ಗುಲಶನ ಅವಳ ಕಡೆ ತಿರುಗಿದಳು.

"ಹೂಂ. ಕೈ ಟೈಪ್ ಮಾಡತಾವ, ಕಣ್ಣು ಒಲಿ ಮ್ಯಾಲಿನ ಬ್ಯಾಳಿ ಕಡೆ ಇರತಾವ. ಏನಾಗೇತಿ?"

ಗುಲಶನ ಹೇಳಿದಳು. ಸಿಟ್ಟಿನಲ್ಲಿ ತೊದಲುತ್ತ, ಹಿಂದಿನದು ಮುಂದೆ ಮುಂದಿನದು ಹಿಂದೆ ಮಾಡಿ, ಆದರೂ ಪೂರ್ತಿ ಹೇಳಿದಳು. ಗೌರಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ಕಾಗದ ಎತ್ತಿ ಓದಿದಳು. ತಾನೇ ಟೈಪು ಮಾಡಿದ್ದನ್ನು ಈಗ ಮೊದಲ ಸಲ ಓದಿದಳು.

"ರೀ," ಎಂದಳು ಗಂಡನಿಗೆ. "ನಮ್ಮ ಮಗಳು ಹುಟ್ಟಿದಾಗ ಎಷ್ಟು ಇದ್ಳು?"

"ಈಗ ಅದು ಯಾಕ?"

"ನೀವ ತೂಗಿದ್ರಿ. ಈ ದವಾಖಾನಿಯೊಳಗ ಹುಟ್ಟ್ಯಾಳ. ಎಷ್ಟು?"

ಡಾಕ್ಟರು ನೆನಪು ಮಾಡಿಕೊಳ್ಳುವ ಮುಖ ಮಾಡಿದರು.

"ಎರಡು ಕಿಲೋ ಎರಡುನೂರು," ಎಂದಳು ಗೌರಾಬಾಯಿ. "ಮಗ ನಮ್ಮವ್ವನ ಮನ್ಯಾಗ ಮೂರು ಕಿಲೋ ಇದ್ದ. ಮಗಳು ಹುಟ್ಟೂ ಮುಂದ ಅಡಗಿಯಾಕಿ ಬಿಟ್ಟು ಹೋಗಿದ್ಳು. ಹನ್ನೆರಡು ಬಾಣಂತ್ಯಾರಿಗೆ ಗಂಜಿ ಯಾರು ಕಾಸಿದ್ರು, ನೆಪ್ಪೈತೇನು? ಹ್ವಾದ ವಾರ ಟೈಪ್ ಮಾಡೂ ಮುಂದ ಈ 'ಉದ್ಯೋಗ ಇಲ್ಲ' ಅನ್ನೂದನ್ನೂ ನನ್ನ ಕೈಲೇ ಹೊಡಸೀರಿ."

"ಗೌರಾ, ಒಂದು ಕೇಸ್ ಹಿಡಕೊಂಡು—"

"ನಲವತ್ತೇಳು ಅದಾವಲ್ಲ. ಅವನ್ನ ಹಿಡಕೋರಿ."

ಹೇಳಿದವಳೇ ಕಾಗದವನ್ನು ಉದ್ದಕ್ಕೆ ಮಡಚಿದಳು, ಅಡ್ಡಕ್ಕೆ ಮಡಚಿದಳು, ಅಂಗಡಿಯ ಚೀಟಿ ಮಡಚಿದ ಹಾಗೆ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸಿಕೊಂಡಳು.

ಡಾಕ್ಟರು ಎದ್ದು ನಿಂತರು. "ಏನ ಮಾಡಿದಿ? ಮಡಚಬಾರದು ಅಂತ ಮ್ಯಾಲ ಬರದಾರಲ್ಲ!"

"ಓದೇನಿ. ಇನ್ನೊಂದು ಫಾರ್ಮ್ ಒಳಗ ಐತಿ, ಅವರು ಎರಡು ಕಳಿಸಿದ್ರು. ಅದರಾಗ ಇದ್ದದ್ದು ಇದ್ದಂಗ ಹಾಕಿದ್ರ ಟೈಪ್ ಮಾಡ್ತೀನಿ. ಇಲ್ಲಂದ್ರ ಪ್ಯಾಟ್ಯಾಗ ಕೋರ್ಟಿನ ಮುಂದ ಟೈಪಿನವರು ಕುಂತಿರತಾರ, ಒಯ್ಯರಿ. ಗರ್ಭಕೋಶ ಅನ್ನೂದಕ್ಕ ಅವರು ಏನ ಹೊಡೀತಾರ ನೋಡೋಣು."

ಡಾಕ್ಟರ ಮುಖ ಕೆಂಪಾಯಿತು. ಒಬ್ಬ ನರ್ಸಿನ ಎದುರಿಗೆ ಹೆಂಡತಿ ಹೀಗೆ ಮಾತಾಡಿದ್ದು ಅವರಿಗೆ ಅಂಕಿಗಿಂತ ಹೆಚ್ಚು ಚುಚ್ಚಿತ್ತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಆಯಾ ಕರೆದಳು. "ಏನ ಬೇಕಾದ್ದ ಮಾಡ್ಕೋರಿ. ಸಹಿ ನಂದು, ನೆಪ್ಪಿರಲಿ" ಎಂದು ಹೋದರು.

ಪಡಸಾಲೆಯಲ್ಲಿ ಹೆಂಗಸರಿಬ್ಬರೂ ಕುಳಿತರು. ಒಂದು ಕಡೆ ಬೇಳೆ ಕುದಿಯುತ್ತಿತ್ತು, ಒಂದು ಕಡೆ ಟೈಪ್‌ರೈಟರು. ಗುಲಶನ ಕನ್ನಡದಲ್ಲಿ ಹೇಳುವುದು, ಗೌರಾಬಾಯಿ ಆ ಮಡಚಿದ ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಇಂಗ್ಲಿಷು ಮಾಡುವುದು, ಶಬ್ದ ಎಣಿಸುವುದು, ಹೆಚ್ಚಾದರೆ ಹೊಡೆದುಹಾಕುವುದು.

"'ತವರು' ಅನ್ನೂದಕ್ಕ ಇಂಗ್ಲಿಷಿನ್ಯಾಗ ಒಂದು ಶಬ್ದ ಇಲ್ಲ ನೋಡವಾ," ಎಂದಳು ಗೌರಾಬಾಯಿ. "ಅವರಿಗೆ ತವರ ಇಲ್ಲೇನೋ. ಐದು ಶಬ್ದ ತಿಂತು."

"ತಿನ್ನಲಿ. ಅದರ ಮ್ಯಾಲ ಎಲ್ಲಾ ನಿಂತೈತ್ರಿ."

"ನನ್ನೂ ಸೇರಿಸಿ ನಲವತ್ತೆಂಟು ಮಾಡೋಣೇನು?"

ಗುಲಶನಳಿಗೆ ಆಸೆಯೇ ಇತ್ತು. ಆದರೆ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ ಬಾಯಾರ. ಬಬಲೇಶ್ವರದಾಗ ಹುಟ್ಟಿದವರು, ಈ ಕಡೆ ಕೊಟ್ಟವರು, ಅಷ್ಟ ಮಂದಿ ಅದರಾಗ ಇರೋದು. ನಿಮ್ಮ ತವರು ಬ್ಯಾರೆ, ತಕ್ಕಡಿ ಬ್ಯಾರೆ. ನಿಮ್ಮನ್ನ ಹಾಕಿದ್ರ ಸುಳ್ಳು ಆಗತೈತಿ."

ಗೌರಾಬಾಯಿ ಜೋರಾಗಿ ನಕ್ಕಳು. "ಅವರು ಸೈನ್ಸ್ ಸೈನ್ಸ್ ಅಂತಾರಲ್ಲ, ನೀನ ಕಲಸು ಅವರಿಗೆ."

'ಉದ್ಯೋಗ ಇಲ್ಲ' ಎಂಬುದು ಹೋಯಿತು. ಅದರ ಜಾಗಕ್ಕೆ, ಗಂಡನ ಮನೆಯಲ್ಲಿ ಕಡೆಯ ಎರಡು ತಿಂಗಳು ಈ ತಾಯಂದಿರು ದಿನಕ್ಕೆ ಸರಾಸರಿ ಒಂಬತ್ತು ಕೊಡ ನೀರು ಹೊತ್ತರು, ತವರಿನಲ್ಲಿ ಒಂದಕ್ಕಿಂತ ಕಡಿಮೆ ಎಂಬ ಸಾಲು ಬಂತು. ಮೇಲೆ ಡಾಕ್ಟರ ಹೆಸರಿನ ಪಕ್ಕದಲ್ಲಿ ಗೌರಾಬಾಯಿ ಕೇಳದೆಯೇ ಎರಡು ಹೆಸರು ಹೊಡೆದಳು: ದುಂಡವ್ವ, ಗುಲಶನ. ಗುಲಶನ ತನ್ನ ಹೆಸರಿನ ಇಂಗ್ಲಿಷು ಅಕ್ಷರಗಳನ್ನು ಬೆರಳಿನಿಂದ ಮುಟ್ಟಲು ಹೋಗಿ, ಶಾಯಿ ಹಸಿ ಇರಬಹುದೆಂದು ಕೈ ಹಿಂತೆಗೆದುಕೊಂಡಳು.

ಮೂರೂಕಾಲಿಗೆ ಡಾಕ್ಟರು ಬಂದರು. ನಾಲ್ಕಕ್ಕೆ ಪೋಸ್ಟಿನಲ್ಲಿ ರಜಿಸ್ಟರ್ ಬಂದ್. ಅವರು ನಿಂತೇ ಓದಿದರು. ಎರಡು ಸಲ ಓದಿದರು. ಒಂದು ವಹಿ ತೆಗೆದು ಹತ್ತು ಹೆಸರು ತಾವೇ ತಾಳೆ ನೋಡಿದರು. ಅಂಕಿ ಸರಿಯಿವೆ ಎಂದು ಅವರಿಗೆ ಗೊತ್ತಾಗಿತ್ತು. ಗೊತ್ತಾಯಿತು ಎಂದು ಹೇಳುವ ರೂಢಿ ಅವರಿಗಿರಲಿಲ್ಲ.

ಕೊನೆಗೆ, "ಈ ಹೆಸರು ನಡ್ಯೂದಿಲ್ಲ," ಎಂದರು. "ಡಾಕ್ಟರಲ್ಲದವರ ಹೆಸರು ಮ್ಯಾಲ ಇದ್ರ ಓದದನ ಒಗೀತಾರ. ಈ ಕೊಡದ ಸಾಲೂ ತಗೀರಿ, ನಗತಾರ."

"ಹೆಸರು ಹಾಕಬಾರದಂತ ಫಾರ್ಮಿನ್ಯಾಗ ಎಲ್ಲೂ ಬರದಿಲ್ಲ," ಎಂದಳು ಗೌರಾಬಾಯಿ.

"ಬರದಿರೂದಿಲ್ಲ. ತಿಳಕೋಬೇಕು."

ಗಡಿಯಾರ ಮೂರು ಇಪ್ಪತ್ತೈದು ತೋರಿಸುತ್ತಿತ್ತು. ಕಾಗದ ಕಸಿದುಕೊಂಡು, ವಹಿಗಳನ್ನು ಎತ್ತಿಕೊಂಡು ಹೋಗಿಬಿಡಲೇ ಎಂದುಕೊಂಡಳು ಗುಲಶನ. ಹೋದರೆ ಇವರಿಗೆ ಓದಲು ಒಂದು ಪೇಪರ್ ಕಡಿಮೆ, ಅಷ್ಟೇ. ಆದರೆ ನಾಳೆ ಹೊನವಾಡದಲ್ಲಿ ಯಾವ ಅತ್ತೆಯೂ ಕೊಡ ಇಳಿಸುವುದಿಲ್ಲ.

"ಹೆಸರು ತಗೀರಿ," ಎಂದಳು. "ಕೊಡದ ಸಾಲು ತಗದ್ರ ಮಾತ್ರ ಎರಡೂ ವಹಿ ಈಗ ಒಯ್ಯತೀನಿ. ಹುಬ್ಬಳ್ಳ್ಯಾಗ ಯಾರರ ಏನರ ಕೇಳಿದ್ರ ನಿಮ್ಮ ಪುಸ್ತಕ ನೋಡಿ ಹೇಳ್ರಿ."

ಹೆಸರು ಟೈಪಾಗಿ ಹೋಗಿತ್ತಲ್ಲ, ಅಳಿಸಿದರೆ ಫಾರ್ಮ್ ಕೆಡುತ್ತದೆ. ಗೌರಾಬಾಯಿ ಆ ಎರಡು ಹೆಸರಿನ ಮೇಲೆ ಬಿಳಿ ಕಾಗದದ ಸಣ್ಣ ಪಟ್ಟಿ ಕತ್ತರಿಸಿ ಅಂಟಿಸಿದಳು. ಬಾಣಂತಿಯರ ಗಂಜಿಗೆ ಇಟ್ಟ ಅಕ್ಕಿ ಹಿಟ್ಟಿನಲ್ಲೇ ಅಂಟು ಕಲಸಿದ್ದಳು. ಡಾಕ್ಟರು ಸಹಿ ಮಾಡಿದರು. ಗುಲಶನ ರಟ್ಟಿನ ನಡುವೆ ಇಟ್ಟು, ಓಡುತ್ತ ಹೋಗಿ, ನಾಲ್ಕಕ್ಕೆ ಐದು ನಿಮಿಷ ಇರುವಾಗ ರಜಿಸ್ಟರ್ ಮಾಡಿಸಿ ಪಾವತಿ ಚೀಟಿ ತಂದಳು.

ಮನೆ ಮುಟ್ಟಿದಾಗ ಮಾಶಾಬಿ ಬಾಗಿಲಲ್ಲೇ ಕುಳಿತಿದ್ದಳು. "ಅರ್ಧ ದಿನ ಸೂಟಿ ಹಾಕಿದಿ ಅಂತ. ಸಂಜೀ ನೀರು ಬಂದು ಹ್ವಾತು. ಒಂದು ಕೊಡಾನೂ ಇಲ್ಲ ಮನ್ಯಾಗ."

"ನೀರು ಬಂದಾಗ ಮನ್ಯಾಗ ಯಾರ್ಯಾರ ಇದ್ರಿ?"

"ಸಮದ ಇದ್ದ. ಪಾಪ, ದಣದು ಬಂದಿದ್ದ."

ಗುಲಶನ ಗಂಡನ ಮುಖ ನೋಡಿದಳು. ಅವನು ಪೇಪರು ಓದುತ್ತಿದ್ದ. "ಇವತ್ತು ದಣದವರ ಇರೂದು ಮನಿ ತುಂಬ," ಎಂದು ಗೋಡೆಗೆ ಒರಗಿ ಕುಳಿತಳು. ಆ ಸಂಜೆ ಪಕ್ಕದ ಮನೆಯಿಂದ ಅಬ್ದುಲಸಮದ ಎರಡು ಕೊಡ ನೀರು ಕೇಳಿ ತಂದ. ಬೀದಿಯಲ್ಲಿ ಯಾರೂ ನೋಡದಿರಲೆಂದು ಬೇಗ ಬೇಗ ನಡೆದ, ಅರ್ಧ ಚೆಲ್ಲಿತು.

ಸಾರಾಂಶ ಆಯ್ಕೆಯಾಯಿತು. ಡಾಕ್ಟರು ಡಿಸೆಂಬರಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದರು. ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಗೌರಾಬಾಯಿ ಗುಲಶನಳಿಗೆ ಕಳಿಸಿದಳು. ಮೂವತ್ತೊಂದನೆಯ ಪುಟ. ಮೇಲೆ ಡಾಕ್ಟರ ಹೆಸರು ಒಂದೇ, ಅದರ ಪಕ್ಕದಲ್ಲಿ ಎರಡು ಹೆಸರಿನಷ್ಟು ಬಿಳಿ ಜಾಗ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗುಲಶನ ತಿಕೋಟಾದ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತಿದ್ದಾಗ ಡಾಕ್ಟರ ಕಾರು ಬಂದು ನಿಂತಿತು. ಅವರು ಇಳಿದು, ಚಹಾ ಹೇಳಿ, ಸುಮ್ಮಸುಮ್ಮನೆ ಹವಾದ ಮಾತಾಡಿ, ಆಮೇಲೆ ಕೇಳಿದರು.

"ಗುಲಶನ್, ಒಂದು ಕೊಡ ನೀರು ಅಂದ್ರ ಎಷ್ಟು ಭಾರ?"

"ಯಾಕ್ರಿ?"

"ಅಲ್ಲಿ ಒಬ್ಬಾಕಿ ವಯಸ್ಸಾದ ಡಾಕ್ಟರ್ಣಿ ಕೇಳಿದ್ಳು. ನಾ ಐದಾರು ಕಿಲೋ ಇರಬಹುದು ಅಂದೆ. ಹಿಂದ ಕುಂತ ಹೆಂಗಸರೆಲ್ಲಾ ನಕ್ರು. ಪೂರ್ತಿ ಪೇಪರ್ ಬರದು ಕೊಡ್ರಿ, ನಮ್ಮ ಪತ್ರಿಕ್ಯಾಗ ಹಾಕತೀವಿ ಅಂದಾಳ. ಆದ್ರ ಭಾರ ಬೇಕಂತ. ಹಿತ್ತಾಳಿದೆಷ್ಟು, ಮಣ್ಣಿಂದೆಷ್ಟು."

ಗುಲಶನಳಿಗೆ ಗೊತ್ತಿತ್ತು. ದುಂಡವ್ವನಿಗೂ ಗೊತ್ತಿತ್ತು. ಬಬಲೇಶ್ವರದ ಅಡತಿ ಅಂಗಡಿಯ ಕಾಳು ತೂಗುವ ತಕ್ಕಡಿಯಲ್ಲಿ ಇಬ್ಬರೂ ಮೂರು ನಮೂನೆಯ ಕೊಡ ತುಂಬಿಸಿ ತೂಗಿಸಿದ್ದರು. ಬೇಕಾಗಬಹುದೆಂದು ದುಂಡವ್ವ ಅದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದಳು. ಡಾಕ್ಟರು ಕೇಳಿರಲಿಲ್ಲ, ಇವರು ಕೊಟ್ಟಿರಲಿಲ್ಲ.

"ಹೇಳತೀನ್ರಿ. ಪೇಪರಿನ ಮ್ಯಾಲ ದುಂಡವ್ವ, ಗುಲಶನ ಅಂತ ನಿಮ್ಮ ಹೆಸರಿನ ಜೋಡಿ ಬರದು ತೋರಸ್ರಿ."

"ಮತ್ತ ಅದನ್ನ ತಗದಿ. ಅದು ಹಂಗ ನಡ್ಯೂದಿಲ್ಲವಾ. ಕಡೀಕ ನಿಮ್ಮಿಬ್ಬರಿಗೂ ಧನ್ಯವಾದ ಅಂತ ಒಂದು ಸಾಲು ಹಾಕ್ತೀನಿ."

"ಧನ್ಯವಾದ ಚಹಾ ಕೊಟ್ಟವರಿಗೆ ಹೇಳ್ರಿ. ಅವತ್ತು ನಾ ಹೆಸರು ಬಿಟ್ಟೆ, ಪೋಸ್ಟಿಗೆ ಹೊತ್ತಾಗಿತ್ತಂತ. ಇವತ್ತು ನನಗ ಗಡಿಬಿಡಿ ಇಲ್ಲ."

"ಅಷ್ಟು ಹಟ ಯಾಕ? ಒಂದು ಅಂಕಿ. ನಾ ಯಾರನ್ನ ಬೇಕಾದ್ರೂ ಕೇಳಬಹುದು."

"ಕೇಳ್ರಿ. ಇಲ್ಲಂದ್ರ ಅದೂ ಬ್ಯಾಡ. ನಿಮ್ಮ ಮನ್ಯಾಗ ಕೊಡ ಐತಿ, ನೀರೈತಿ, ತಕ್ಕಡೀನೂ ಸಿಗತೈತಿ. ತುಂಬಿ ಎತ್ತಿ ಇಟ್ಟು ನೋಡ್ರಿ."

ಡಾಕ್ಟರು ಚಹಾ ಅರ್ಧಕ್ಕೆ ಬಿಟ್ಟು ಕಾರು ಹತ್ತಿದರು. ಆ ಪೇಪರ್ ಎಂದೂ ಬರಲಿಲ್ಲ. ಒಂದು ಕೊಡ ಎತ್ತಿ ತಕ್ಕಡಿಗಿಡುವುದಾಗಲಿ, ಎರಡು ಹೆಸರು ಬರೆಯುವುದಾಗಲಿ, ಎರಡರಲ್ಲಿ ಒಂದನ್ನೂ ಮಾಡಲಾಗದೆ ಅವರು ಅದನ್ನು ಕೈಬಿಟ್ಟರು. ದುಂಡವ್ವನಿಗೆ ಇದನ್ನು ಹೇಳಿದಾಗ ಅವಳು ನಗಲಿಲ್ಲ. ಎಲೆಯಡಿಕೆಯನ್ನು ಉಗುಳಿ, "ಆರು ವರ್ಷ ಬೇ, ಗುಲ್ಲೂ" ಎಂದಳು, ಅಷ್ಟೇ.

ಗುಲಶನ ಆ ಅಚ್ಚಿನ ಪುಸ್ತಕವನ್ನು ತಕ್ಕಡಿಯ ಜೊತೆ ಚೀಲದಲ್ಲಿ ಇಟ್ಟುಕೊಂಡು ತಿರುಗತೊಡಗಿದಳು. ಹೊನವಾಡದ ಅಕ್ಕನಾಗಮ್ಮ ಎಂಬ ಗಟ್ಟಿ ಮುದುಕಿಯ ಸೊಸೆಗೆ ಎರಡನೆಯದರಲ್ಲಿ ಎಂಟು ತಿಂಗಳು ನಡೆಯುತ್ತಿತ್ತು. ಗುಲಶನ ಅಂಗಳದಲ್ಲಿ ಕುಳಿತು ಮೂವತ್ತೊಂದನೆಯ ಪುಟ ತೆಗೆದಳು.

"ನೋಡ ಆಯೀ. ಹುಬ್ಬಳ್ಳ್ಯಾಗ ದೊಡ್ಡ ದೊಡ್ಡ ಡಾಕ್ಟರೆಲ್ಲಾ ಕೂಡಿ ಅಚ್ಚು ಹಾಕ್ಯಾರ. ನೀರು ಹೊತ್ರ ಕೂಸಿನ ತೂಕ ಇಳೀತೈತಿ. ನಿನ್ನ ಸೊಸೀ ನಾಳೆಯಿಂದ ಕೊಡ ಮುಟ್ಟಬಾರದು."

ಅಕ್ಕನಾಗಮ್ಮನಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕವನ್ನು ಕೈಗೆ ತೆಗೆದುಕೊಂಡು, ಅಚ್ಚಿನ ಮೇಲೆ ಬೆರಳಾಡಿಸಿ, ಹಿಂದೆ ಮುಂದೆ ತಿರುವಿ ನೋಡಿದಳು. "ಡಾಕ್ಟರು ಹೇಳ್ಯಾರಂದ್ರ ಬಿಡಸೂಣು ತಗೋ," ಎಂದಳು. ಆಮೇಲೆ ಏನೋ ನೆನಪಾದಂತೆ, "ಅಲ್ಲ, ಆರು ವರ್ಷ ತೂಗಿದಾಕಿ ನೀ. ಇದರಾಗ ನಿನ್ನ ಹೆಸರು ಎಲ್ಲೈತಿ?" ಎಂದ‌ಳು.

"ಇಲ್ಲ," ಎಂದಳು ಗುಲಶನ. ಪುಸ್ತಕವನ್ನು ಅವಳ ಕೈಯಿಂದ ಜಗ್ಗಿ ತೆಗೆದುಕೊಂಡಳು. "ಇದನ್ನ ನಾ ಹತ್ತು ಸಲ ಇದ ಅಂಗಳದಾಗ ಕುಂತು ನಿನಗ ಬಾಯಿಲೇ ಹೇಳೀನಿ. ಕೇಳಿದ್ದೇನು? ನನ್ನ ಹೆಸರು ಇದ್ದಿದ್ರ ಇವತ್ತೂ ಕೇಳತಿದ್ದಿಲ್ಲ."

ಸೊಸೆ ಒಳಗಿನಿಂದ ಖಾಲಿ ಕೊಡ ಹಿಡಿದು ಹೊರಗೆ ಬಂದಳು. ಇಬ್ಬರ ಮುಖ ನೋಡಿ ಹೊಸ್ತಿಲಲ್ಲೇ ನಿಂತಳು.

"ಅದನ್ನ ಅಲ್ಲೇ ಇಡು," ಎಂದಳು ಗುಲಶನ. "ಕುಂಡ್ರು. ದಿನಾ ಎಷ್ಟು ತರತೀ, ಎಣಿಸಿ ಹೇಳು ನನಗ. ನಿಮ್ಮ ಅತ್ತೀಗೂ ಕೇಳಸೂ ಹಂಗ ಹೇಳು."